ನಮ್ಮೋರು ಸುಮ್ಮನೆ ತಿರುಗಾಡಿದರೆ ತಪ್ಪಾ?

ಸ್ವಲ್ಪ ಉದ್ದದ ಬರಹ, ಪುರುಸೊತ್ತಿದ್ದಾಗ ಓದಿ.

ಹೋದ ಶನಿವಾರ ಮನೆಯವರು ನಾಲ್ಕು ಜನ ಬಾಡಿಗೆ ಕಾರು ತಗೊಂಡು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಸುತ್ತಿ ಬಂದೆವು. ಅವ್ವ ತೆಪ್ಪದಲ್ಲಿ ಕೂತಿರೋ ಒಂದು ಫೋಟೋ ಹಾಕಿದ್ದೆ. ಭಾನುವಾರ ಬೆಳಿಗ್ಗೆಯಿಂದ ಫೋನು. ಒಬ್ಬರು "ಏನಣ್ಣ, ಹೋರಾಟ ಬಿಟ್ಟು ಟೂರಿಗೆ ಇಳಿದ್ರಾ?" ಅಂತ ನಕ್ಕರು. ಇನ್ನೊಬ್ಬರು ನಗಲಿಲ್ಲ. ನನಗಿಂತ ಹಿರಿಯರು, ಸಂಘಟನೆಯಲ್ಲಿ ನಾನು ಗೌರವ ಕೊಡೋ ಮನುಷ್ಯ. "ಪಾವಗಡದಲ್ಲಿ ನಮ್ಮ ಜನಕ್ಕೆ ಕುಡಿಯೋಕೆ ಫ್ಲೋರೈಡ್ ಇಲ್ಲದ ನೀರಿಲ್ಲ, ನೀವು ನೀರಲ್ಲಿ ಆಟ ಆಡೋ ಫೋಟೋ ಹಾಕ್ತೀರಿ. ಟೂರು ಅನ್ನೋದು ನೌಕರಿಯವರ ಕಾಯಿಲೆ ಕಣಪ್ಪ" ಅಂದರು. ಅವರ ಮಾತಿಗೆ ಫೋನಿನಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ. ಯಾಕಂದ್ರೆ ಇದು ಅವರೊಬ್ಬರ ಮಾತಲ್ಲ, ನಮ್ಮೊಳಗೆ ಬಹಳ ಜನರ ಮನಸ್ಸಲ್ಲಿರೋ ಮಾತು.

ನಮ್ಮ ಕೇರಿಯವರು ಊರು ಬಿಟ್ಟು ಹೋಗೋದು ಯಾವುದಕ್ಕೆ, ಲೆಕ್ಕ ಹಾಕಿ ನೋಡಿ. ಗುಳೆ ಹೋಗ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ, ಗಾರ್ಮೆಂಟ್ಸಿಗೆ. ಆಸ್ಪತ್ರೆಗೆ ಹೋಗ್ತಾರೆ, ಕೋರ್ಟಿಗೆ ಅಲೀತಾರೆ. ಸಮಾವೇಶ ಅಂದ್ರೆ ಲಾರಿಯಲ್ಲೋ ಬಸ್ಸಲ್ಲೋ ತುಂಬ್ಕೊಂಡು ಹೋಗಿ ಪ್ಯಾಲೇಸ್ ಗ್ರೌಂಡ್ ನೋಡ್ಕೊಂಡು ಬರ್ತಾರೆ. ಹರಕೆ ಇದ್ರೆ ಜಾತ್ರೆಗೆ. ಇಷ್ಟೇ. ಯಾವ ಕೆಲಸವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, "ಹಂಗೇ ನೋಡ್ಕೊಂಡ್ ಬರವಾ" ಅಂತ ಹೊರಟವರು ನಮ್ಮ ಹಿಂದಿನ ತಲೆಮಾರಲ್ಲಿ ಎಷ್ಟು ಜನ? ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಹುಟ್ಟಿದ್ದು, ಮದುವೆ ಆಗಿದ್ದು, ಕೂಲಿ ಮಾಡಿದ್ದು ಎಲ್ಲ ಕೊರಟಗೆರೆ, ಮಧುಗಿರಿ ಸೀಮೆಯಲ್ಲೇ. ಮಧುಗಿರಿ ಬೆಟ್ಟ ದಿನಾ ಕಾಣೋ ಹೊಲದಲ್ಲಿ ಕಳೆ ಕಿತ್ತವಳು. ಆ ಬೆಟ್ಟದ ಬಾಗಿಲಲ್ಲಿ ಅವಳು ಒಂದು ದಿನವೂ ನಿಂತಿರಲಿಲ್ಲ.

ಈ ತಿರುಗಾಟದ ಆಲೋಚನೆ ನನ್ನದಲ್ಲ, ಅಣ್ಣನ ಮಗಳದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಜೊತೆ ಕೆಲಸ ಮಾಡೋರು ಯಾರೋ ಮಾಲ್ಟಾಗೆ ಹೋಗಿ ಬಂದು ವಿಡಿಯೋ ಕಳಿಸಿದ್ರಂತೆ. ಮೆಡಿಟರೇನಿಯನ್ ಸಮುದ್ರದ ನಡುವೆ ಇರೋ ಪುಟ್ಟ ದೇಶ. ಬೋಟಲ್ಲಿ ಕೊಮಿನೊ ಅನ್ನೋ ದ್ವೀಪದ ನೀಲಿ ನೀರು ನೋಡೋದು, ಫೆರಿಯಲ್ಲಿ ಗೋಜೊ ದ್ವೀಪಕ್ಕೆ ದಾಟಿ ಬಾಡಿಗೆ ಕಾರು ಓಡಿಸೋದು, ಹಳೇ ಕೋಟೆ ಹತ್ತೋದು, ಸಂಜೆಗೆ ವಾಪಸ್. 1964ರವರೆಗೆ ಬ್ರಿಟಿಷರ ಕೈಲಿದ್ದ ದೇಶವಾದ್ದರಿಂದ ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಗೇ ಗಾಡಿ ಓಡಿಸ್ತಾರಂತೆ. ಅಕ್ಕನ ಮಗ, ಈಗ ಹತ್ತನೇ ಕ್ಲಾಸು, ವಿಡಿಯೋ ನೋಡಿ "ಕೋಟೆ ನಮ್ಮಲ್ಲೂ ಐತೆ, ಕೆರೆ ಐತೆ, ನಾವ್ಯಾಕೆ ಹಿಂಗೆ ಒಂದಿನ ಹೋಗಬಾರದು?" ಅಂದ. ಮಧುಗಿರಿ ಉಪವಿಭಾಗ ಅಂದ್ರೆ ಈ ನಾಲ್ಕು ತಾಲೂಕುಗಳೇ. ಒಂದು ದಿನದಲ್ಲಿ ನಾಲ್ಕೂ ಮುಟ್ಟಿ ಬರೋಣ ಅಂತ ಆಯ್ತು.

ಕಾರಿನ ವಿಷಯ ಮೊದಲು ಹೇಳ್ತೀನಿ. ಡ್ರೈವರ್ ಇಲ್ಲದ ಕಾರೇ ಬೇಕು ಅಂತ ಹಟ ಹಿಡಿದವಳು ಅಣ್ಣನ ಮಗಳೇ. ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಮದುವೆಗೆ ಡ್ರೈವರ್ ಸಮೇತ ಬಾಡಿಗೆ ಗಾಡಿ ಮಾಡಿದ್ದೆವು. ಹತ್ತು ಕಿಲೋಮೀಟರ್ ಹೋಗೋದ್ರಲ್ಲಿ ಆತ ಶುರು ಮಾಡ್ದ. ಯಾವೂರು? ಊರಲ್ಲಿ ಯಾರ ಪೈಕಿ? ಮನೆದೇವ್ರು ಯಾವ್ದು? ಈ ಮೂರು ಪ್ರಶ್ನೆ ನಮ್ಮ ಜನಕ್ಕೆ ಗೊತ್ತಿರೋದೇ, ಮೊದಲನೇದಕ್ಕೆ ಉತ್ತರ ಕೊಟ್ರೆ ಮೂರನೇದಕ್ಕೆ ಸಿಕ್ಕಿ ಬೀಳ್ತೀವಿ. ನಾನು ಮುಚ್ಚಿಡೋನಲ್ಲ, ಹೇಳ್ದೆ. ಆಮೇಲೆ ಅವನು ಏನೂ ಅನ್ನಲಿಲ್ಲ. ಮದುವೆ ಮನೇಲಿ ಊಟಕ್ಕೆ ಕರೆದ್ರೆ "ಹೊಟ್ಟೆ ಸರಿಯಿಲ್ಲ ಸಾರ್" ಅಂದ. ಊರಾಚೆ ಹೋಟೆಲಲ್ಲಿ ನಿಲ್ಲಿಸಿ ಎರಡು ತಟ್ಟೆ ಇಡ್ಲಿ ತಿಂದ. ಹಿಂದಿನ ಸೀಟಲ್ಲಿ ಕೂತು ಇದನ್ನೆಲ್ಲ ನೋಡಿದ ಹುಡುಗಿ ಅವಳು. ಮುಂದಿನ ವರ್ಷವೇ ಲೈಸೆನ್ಸ್ ಮಾಡಿಸಿದಳು. ಈಗ ಮೊಬೈಲಲ್ಲಿ ಬುಕ್ ಮಾಡಿದ್ರೆ ಲೈಸೆನ್ಸು ಕೇಳುತ್ತೆ, ಅಡ್ವಾನ್ಸು ಕೇಳುತ್ತೆ. ಮನೆದೇವ್ರು ಕೇಳಲ್ಲ.

ಬಾಡಿಗೆ ಗಾಡಿಗೂ ಜಾತಿಗೂ ಏನು ಸಂಬಂಧ ಅನ್ನೋರು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಬೇಕು. ಪುಟ್ಟ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತೆ. ಅದರ ಮೊದಲ ಅಧ್ಯಾಯವೇ ಒಂದು ಪ್ರಯಾಣ. 1901. ತಂದೆ ಕೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲದ ಜನರಿಗೆ ಕೆಲಸ ಕೊಡೋಕೆ ಸರ್ಕಾರ ಅಲ್ಲಿ ಕೆರೆ ತೋಡಿಸ್ತಾ ಇತ್ತು. ಬೇಸಿಗೆ ರಜಕ್ಕೆ ಮಕ್ಕಳು ಸತಾರಾದಿಂದ ಹೊರಟರು. ಹೊಸ ಅಂಗಿ, ಮಿಂಚೋ ಟೋಪಿ, ಹೊಸ ಶೂ, ರೇಷ್ಮೆ ಅಂಚಿನ ಧೋತ್ರ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳು ಅಂದ್ಕೊಂಡ. ಮಹಾರರು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಬರಲಿಲ್ಲ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಎರಡರಷ್ಟು ಬಾಡಿಗೆ, ಎತ್ತು ಹೊಡೆಯೋದು ಮಕ್ಕಳೇ, ಗಾಡಿಯ ಯಜಮಾನ ಪಕ್ಕದಲ್ಲಿ ನಡೀತಾನೆ. ಬುತ್ತಿ ಇತ್ತು. ದಾರಿಯಲ್ಲಿ ಯಾರೂ ನೀರು ಕೊಡದೆ ಬುತ್ತಿ ಇಟ್ಕೊಂಡೇ ಹಸಿದು ಮಲಗಿದರು.

ಕಾರಲ್ಲಿ ಇದನ್ನು ಹೇಳ್ತಾ ಇದ್ದೆ. ಸ್ಟೀರಿಂಗ್ ಹಿಡಿದಿದ್ದವಳು "ಅಂದ್ರೆ ಚಿಕ್ಕಪ್ಪ, ಬಾಬಾಸಾಹೇಬರು 1901ರಲ್ಲೇ ಸೆಲ್ಫ್ ಡ್ರೈವ್" ಅಂದಳು. ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ನಕ್ಕೆವು.

ಅದೇ ಪುಸ್ತಕದಲ್ಲಿ 1929ರ ಚಾಳೀಸಗಾಂವ್ ಇದೆ. ಆಗ ಅವರು ಬ್ಯಾರಿಸ್ಟರ್, ಸರ್ಕಾರಿ ಸಮಿತಿಯ ಸದಸ್ಯ. ಟಾಂಗಾದವರು ಓಡಿಸೋಕೆ ಒಪ್ಪಲಿಲ್ಲ. ಬಾಡಿಗೆ ಗಾಡಿ ಕೊಡ್ತೀವಿ, ನಾವು ಹತ್ತಲ್ಲ ಅಂದರು. ನಮ್ಮ ಅತಿಥಿ ನಡ್ಕೊಂಡು ಬರೋದಾ ಅಂತ ಕೇರಿಯ ಜನ ಓಡಿಸೋಕೆ ಬಾರದವನೊಬ್ಬನನ್ನು ಕೂರಿಸಿದ್ರು. ಮೋರಿ ಹತ್ತಿರ ಕುದುರೆ ಬೆದರಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರೀತು. ಅಮೆರಿಕದಲ್ಲೂ ಇದೇ ಕಥೆ ಇತ್ತು. ಕಪ್ಪು ಜನ ಸ್ವಂತ ಕಾರು ತಗೊಂಡ್ರೂ ದಾರಿಯಲ್ಲಿ ಎಲ್ಲಿ ಊಟ ಸಿಗುತ್ತೆ, ಎಲ್ಲಿ ಮಲಗೋಕೆ ಜಾಗ ಕೊಡ್ತಾರೆ, ಎಲ್ಲಿ ಪೆಟ್ರೋಲ್ ಹಾಕ್ತಾರೆ ಅಂತ ತಿಳಿಸೋಕೆ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಅಂಚೆ ನೌಕರ 1936ರಲ್ಲಿ 'ಗ್ರೀನ್ ಬುಕ್' ಅಂತ ಒಂದು ಪುಸ್ತಕ ಶುರು ಮಾಡಿದ. ನಮ್ಮವರಿಗೆ ಅಂಥ ಪುಸ್ತಕ ಇರಲಿಲ್ಲ. ಯಾವ ಹೋಟೆಲಲ್ಲಿ ಬೇರೆ ಲೋಟ, ಯಾವ ಊರಲ್ಲಿ ಚಪ್ಪಲಿ ಕೈಲಿ ಹಿಡೀಬೇಕು ಅನ್ನೋದೆಲ್ಲ ಅಪ್ಪ ಮಗನಿಗೆ ಬಾಯಲ್ಲೇ ಹೇಳ್ಕೊಟ್ಟ ಭೂಗೋಳ.

ಸರಿ, ಮೊದಲು ಕೊರಟಗೆರೆ. ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿ ಎಲ್ಲರಿಗೂ ಗೊತ್ತು, ಶುಕ್ರವಾರ ಬೆಂಗಳೂರಿನ ಕಾರುಗಳ ಸಾಲು. ಅದಕ್ಕೆ ಹತ್ತಿರದಲ್ಲೇ ತೀತಾ ಜಲಾಶಯ ಇದೆ, ಜಯಮಂಗಲಿ ನದಿಗೆ ಕಟ್ಟಿದ್ದು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿ ಸೇರೋ ಹೊಳೆ. ಏರಿ ಮೇಲೆ ನಿಂತಿದ್ವಿ. ಮೀನು ಬಲೆ ಎಳೆದು ಬಂದಿದ್ದ ಒಬ್ಬರು ತೆಪ್ಪ ಕಟ್ತಾ ಇದ್ರು. ಹುಡುಗ ಹೋಗಿ ಕೇಳೇಬಿಟ್ಟ, "ಒಂದ್ ರೌಂಡ್ ಕರ್ಕೊಂಡು ಹೋಗ್ತೀರಾ?" ಅಂತ. ಅವರು ಅವ್ವನ್ನ ನೋಡಿ "ಎಲ್ಲಿಯೋರವ್ವ? ಯಾವ ಜನ?" ಅಂದರು. ನಾನು ಬಾಯಿ ತೆಗೆಯೋದ್ರೊಳಗೆ ಅವ್ವನೇ "ನಾವು ಎ.ಕೆ. ಕಣಪ್ಪ" ಅಂದಳು. ಆತ "ಮಧ್ಯಕ್ ಕೂತ್ಕ ಬಾ, ತೂಕ ಒಂದ್ ಕಡೀಕ್ ಬೀಳ್‌ಬಾರ್ದು" ಅಂತ ಕೈ ಕೊಟ್ಟು ಹತ್ತಿಸಿಕೊಂಡರು. ಅಷ್ಟೇ ಆಗಿದ್ದು.

ಅವ್ವ ಕೆರೆ ನೋಡದವಳಲ್ಲ. ಬರಗಾಲದ ಕಾಮಗಾರಿಯಲ್ಲಿ ನಮ್ಮೂರ ಕೆರೆಯ ಹೂಳು ತೆಗೆದು ಏರಿಗೆ ಮಣ್ಣು ಹೊತ್ತವಳು. ಅವಳು ಹುಡುಗಿಯಾಗಿದ್ದಾಗ ಅದೇ ಕೆರೆಯಲ್ಲಿ ನಮ್ಮೋರು ನೀರು ಮೊಗೆಯೋ ಜಾಗ ಬೇರೆ, ಕೋಡಿಯ ಕಡೆ, ದನ ತೊಳೆಯೋ ಜಾಗಕ್ಕಿಂತ ಕೆಳಗೆ. ಇನ್ನೊಂದು ಮಾತು. ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚ್ತಾ ಇದ್ದ ನೀರುಗಂಟಿಗಳು ಹೆಚ್ಚಾಗಿ ನಮ್ಮವರೇ. ಯಾರಿಗೆ ಎಷ್ಟು ನೀರು, ಯಾವ ಹೊತ್ತಲ್ಲಿ ಅನ್ನೋ ಲೆಕ್ಕ ನಮ್ಮ ತಾತಂದಿರ ತಲೇಲಿ. ಊರಿಗೆಲ್ಲ ನೀರು ಕೊಟ್ಟವನ ಹೆಂಡತಿ ಮಾತ್ರ ಕೊಡ ಹಿಡ್ಕೊಂಡು ಯಾರಾದ್ರೂ ಎತ್ತಿ ಹೊಯ್ತಾರಾ ಅಂತ ಬಾವಿ ಕಟ್ಟೆ ಹತ್ರ ಕಾಯಬೇಕಾಗಿತ್ತು. 1927ರಲ್ಲಿ ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಒಂದು ಬೊಗಸೆ ನೀರು ಕುಡಿದಿದ್ದಕ್ಕೆ ಆ ನೀರನ್ನು ಸಗಣಿ ಗಂಜಲ ಹಾಕಿ ಶುದ್ಧ ಮಾಡಿದರು ಅನ್ನೋದು ನಿಮಗೆ ಗೊತ್ತು.

ಹಾಗಾಗಿ ತೆಪ್ಪ ನಡುನೀರಿಗೆ ಹೋದಾಗ ಅವ್ವ ಬಗ್ಗಿ ನೀರಿಗೆ ಕೈ ಇಟ್ಟು ಸುಮ್ಮನೆ ಆಡಿಸ್ತಾ ಕೂತಿದ್ದು ಇದೆಯಲ್ಲ, ನಮ್ಮ ಹಿರಿಯರು "ನೀರಲ್ಲಿ ಆಟ" ಅಂದಿದ್ದು ಆ ಫೋಟೋನೇ. ಅವಳಿಗೆ ಕುಡಿಯೋದು ಬೇಕಿರಲಿಲ್ಲ, ಹೊರೋದು ಬೇಕಿರಲಿಲ್ಲ, ಹೂಳು ಎತ್ತೋದು ಬೇಕಿರಲಿಲ್ಲ. ನೀರಿನ ಜೊತೆ ಕೆಲಸ ಇಲ್ಲದೆ ಕೂತ ಹತ್ತು ನಿಮಿಷ. ನಾನು ನೂರು ಸಭೆಯಲ್ಲಿ ಕೆರೆ ನೀರಿನ ಹಕ್ಕಿನ ಬಗ್ಗೆ ಮಾತಾಡಿದ್ದೀನಿ. ಕೆರೆ ಅಂದ್ರೆ ಚಂದ ಅಂತ ಒಂದು ಸಭೆಯಲ್ಲೂ ಹೇಳಿಲ್ಲ, ಯಾರೂ ಹೇಳಿದ್ದು ಕೇಳಿಲ್ಲ.

ಮಧುಗಿರಿಯಲ್ಲಿ ಬೆಟ್ಟದ ತುದಿಗೆ ಹೋಗಲಿಲ್ಲ. ನಾಲ್ಕು ಸಾವಿರ ಅಡಿಗೆ ಸ್ವಲ್ಪ ಕಡಿಮೆ ಎತ್ತರ, 3,930 ಅಡಿ. ಏಕಶಿಲೆ. ಅದನ್ನು ಪೂರ್ತಿ ಹತ್ತಿದ್ರೆ ಅವತ್ತಿನ ದಿನ ಅಲ್ಲೇ ಮುಗೀತಿತ್ತು. ಮೊದಲ ಬಾಗಿಲುಗಳನ್ನು ದಾಟಿ, ಊರು ಕಾಣೋ ಎತ್ತರದವರೆಗೆ ಹೋಗಿ ಕೂತೆವು. ಅವ್ವ ಕೆಳಗೆ ನೆರಳಲ್ಲಿ ಕೂತಳು.

ಅಲ್ಲಿ ಬಂದಿದ್ದ ಒಂದು ಗುಂಪಿಗೆ ಯಾರೋ ವಿವರಿಸ್ತಾ ಇದ್ರು: ಪಾಳೇಗಾರ ರಾಜಾ ಹಿರೇಗೌಡ, ಆಮೇಲೆ ಮೈಸೂರಿನವರು, ಆಮೇಲೆ ಹೈದರಾಲಿ. ಇರಲಿ, ಅದೂ ಇತಿಹಾಸವೇ. ಬಂಡೆ ಮೈಗೆ ಕೊರೆದಿರೋ ಪಾದ ಹಿಡಿಯುವಷ್ಟೇ ಅಗಲದ ಮೆಟ್ಟಿಲು ಇದಾವಲ್ಲ, ಉಳಿ ಹಿಡಿದು ಆ ಇಳಿಜಾರಲ್ಲಿ ನೇತಾಡಿ ಅವನ್ನು ಕೊರೆದೋರು ಯಾರು ಅಂತ ಹುಡುಗ ಕೇಳಿದ. ಉತ್ತರ ಹೇಳೋ ಫಲಕ ಅಲ್ಲಿಲ್ಲ. ಈಗ ನಮ್ಮ ಕೆಲವು ಹುಡುಗರು ಎಲ್ಲ ಕೋಟೆಗೂ "ಇದು ನಮ್ಮ ರಾಜ ಕಟ್ಟಿಸಿದ್ದು" ಅಂತ ಪೋಸ್ಟ್ ಹಾಕೋಕೆ ಶುರು ಮಾಡಿದಾರೆ. ನನಗೆ ಅದು ಇಷ್ಟ ಇಲ್ಲ. ಇನ್ನೊಬ್ಬ ರಾಜನ್ನ ಹುಡುಕಿ ತಂದು ಕೂರಿಸೋದಕ್ಕಿಂತ ಆ ಮೆಟ್ಟಿಲು ಕೊರೆದ ಕೈಯ ಬಗ್ಗೆ ಮಾತಾಡೋದು ಮೇಲು.

ಕೋಟೆ ಅಂದ ಮೇಲೆ ದೌಲತಾಬಾದ್ ಹೇಳದೆ ಹೇಗೆ. 1934. ಬಾಬಾಸಾಹೇಬರು ಮತ್ತು ಜೊತೆಗಾರರು, ಸುಮಾರು ಮೂವತ್ತು ಜನ, ಎಲ್ಲೋರದ ಗುಹೆಗಳನ್ನು ನೋಡೋಕೆ ಹೊರಟಿದ್ದರು. ಗಮನಿಸಿ, ಸಭೆಗಲ್ಲ, ಸತ್ಯಾಗ್ರಹಕ್ಕಲ್ಲ. ಪ್ರವಾಸಕ್ಕೆ. ದಾರಿಯಲ್ಲಿ ದೌಲತಾಬಾದ್ ಕೋಟೆ. ಧೂಳು ಹಿಡಿದಿತ್ತು ಅಂತ ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ಮುಖ ತೊಳೆದರು. ಒಬ್ಬ ಮುದುಕ ಕೊಳ ಮೈಲಿಗೆ ಆಯ್ತು ಅಂತ ಕೂಗಿಕೊಂಡು ಬಂದ, ಜನ ಸೇರಿದರು, ಹೊಡೆದಾಟದ ಹತ್ತಿರಕ್ಕೆ ಹೋಯ್ತು. ಅದು ರಂಜಾನ್ ತಿಂಗಳು, ಸೇರಿದವರು ಮುಸ್ಲಿಮರು. ಜಾತಿಯ ವಿಷ ಯಾವ ಧರ್ಮದ ಬೇಲಿಯನ್ನೂ ಲೆಕ್ಕಕ್ಕೆ ಇಟ್ಟಿಲ್ಲ ಅಂತ ತೋರಿಸೋಕೇ ಬಾಬಾಸಾಹೇಬರು ಅದನ್ನು ಬರೆದಿಟ್ಟರು. ಕೊನೆಗೆ ಕೋಟೆ ನೋಡೋಕೆ ಬಿಟ್ಟರು. ಷರತ್ತು ಏನು ಗೊತ್ತಾ? ಒಳಗೆ ಎಲ್ಲೂ ನೀರು ಮುಟ್ಟಬಾರದು. ಅದನ್ನು ನೋಡ್ಕೊಳ್ಳೋಕೆ ಬಂದೂಕು ಹಿಡಿದ ಸಿಪಾಯಿ ಜೊತೆಗೆ.

ಕೊಲಂಬಿಯಾದಲ್ಲಿ ಓದಿದ, ಲಂಡನ್ನಿನಲ್ಲಿ ದುಂಡುಮೇಜಿನ ಮುಂದೆ ಕೂತು ಬಂದ ಮನುಷ್ಯನಿಗೆ ತನ್ನ ದೇಶದ ಒಂದು ಕೋಟೆ ನೋಡೋಕೆ ಬಂದೂಕಿನ ಕಾವಲು. ಮಧುಗಿರಿಯಲ್ಲಿ ನಾವು ಬಾಟಲ್ ತೆಗೆದು ನೀರು ಕುಡಿದಾಗ ಯಾರೂ ತಿರುಗಿ ನೋಡಲಿಲ್ಲ. ಇದು ಸಣ್ಣ ಬದಲಾವಣೆ ಅನ್ನೋರಿಗೆ ನಾನು ದೌಲತಾಬಾದ್ ಅಧ್ಯಾಯ ಓದಿ ಅಂತೀನಿ. ಎಲ್ಲ ಬದಲಾಗಿದೆ ಅನ್ನೋರಿಗೆ ಪಾವಗಡಕ್ಕೆ ಬನ್ನಿ ಅಂತೀನಿ.

ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗ್ತಾ ಬೋರ್ಡುಗಳು ತೆಲುಗಿಗೆ ತಿರುಗ್ತವೆ, ಆಮೇಲೆ ಮತ್ತೆ ಕನ್ನಡ. ಮ್ಯಾಪಲ್ಲಿ ನೋಡಿ, ಪಾವಗಡದ ಸುತ್ತ ಬಹುಪಾಲು ಆಂಧ್ರವೇ. ನೀರಿಲ್ಲದ ದ್ವೀಪ. ಶನಿವಾರವಾದ್ದರಿಂದ ಶನಿಮಹಾತ್ಮನ ಗುಡಿ ಹತ್ತಿರ ಕಾರು ನಿಲ್ಲಿಸೋಕೂ ಜಾಗ ಇರಲಿಲ್ಲ. ಅವ್ವ ಒಳಗೆ ಹೋಗಿ ಬಂದಳು, ನಾನು ಹೋಗಲಿಲ್ಲ. ಅದು ಅವಳ ವಿಷಯ, ಇದು ನನ್ನ ವಿಷಯ, ನಮ್ಮ ಮನೆಯಲ್ಲಿ ಈ ಜಗಳ ಮುಗಿದು ವರ್ಷಗಳಾಯ್ತು.

ತಿರುಮಣಿ ಕಡೆ ಹೋದಾಗ ಹುಡುಗ "ಮಾವ, ಸಮುದ್ರ!" ಅಂದ. ನಿಜಕ್ಕೂ ದೂರದಿಂದ ಹಾಗೇ ಕಾಣುತ್ತೆ. ನೀಲಿ. ಹತ್ತಿರ ಹೋದ್ರೆ ಸೋಲಾರ್ ಫಲಕ. 2,050 ಮೆಗಾವಾಟ್, ಸುಮಾರು 13,000 ಎಕರೆ, ಐದು ಊರಿನ ಜಮೀನು: ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. 2018ರಲ್ಲಿ ಉದ್ಘಾಟನೆ. ಆ ನೀಲಿಯ ನಡುವೆ ಊರುಗಳು ದ್ವೀಪದ ಹಾಗೆ ನಿಂತಿವೆ. ವಿಡಿಯೋದಲ್ಲಿ ನೋಡಿದ ಮಾಲ್ಟಾ ನೆನಪಾಗಿದ್ದು ನನಗೆ ಅಲ್ಲೇ.

ಸೋಲಾರ್ ಬಂದಿದ್ದು ಕೆಟ್ಟದ್ದು ಅಂತ ನಾನು ಹೇಳಲ್ಲ. ಬರದ ಸೀಮೆ. ಬೋರ್‌ವೆಲ್ ಕೊರೆಸಿ ಸಾಲ ಮಾಡ್ಕೊಂಡು ಕೂತಿದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ಮಾರಿಸದೆ ಗುತ್ತಿಗೆ ಕೊಟ್ಟಿದ್ದು ಬುದ್ಧಿವಂತಿಕೆಯ ಕೆಲಸವೇ. ಆದರೆ ಲೆಕ್ಕ ಇರೋದು ಎಕರೆಗೆ. ಎಕರೆ ಇಲ್ಲದೋರಿಗೆ ಲೆಕ್ಕ ಎಲ್ಲಿದೆ? ಶೇಂಗಾ ಬಿತ್ತನೆಗೆ, ಕಳೆಗೆ, ಕೀಳೋಕೆ, ಕಾಯಿ ಬಿಡಿಸೋಕೆ ಕೂಲಿಗೆ ಹೋಗ್ತಿದ್ದ ಹೆಂಗಸರು ಬಹುಪಾಲು ನಮ್ಮವರು. ಹೊಲ ಹೋದ ಮೇಲೆ ಆ ಕೂಲಿ ಹೋಯ್ತು. ಕುರಿ ಮೇಯಿಸೋ ಬಯಲು ಬೇಲಿಯೊಳಗೆ ಹೋಯ್ತು. ಉಳಿದಿದ್ದು ಫಲಕ ತೊಳೆಯೋ ಕೆಲಸ, ಹುಲ್ಲು ಕತ್ತರಿಸೋ ಕೆಲಸ, ಸೆಕ್ಯುರಿಟಿ ಕೆಲಸ. ಅದೂ ಎಲ್ಲರಿಗೂ ಇಲ್ಲ. ಭೂಮಿ ಇದ್ದವನಿಗೆ ಬಿಸಿಲೂ ಬೆಳೆ ಆಯ್ತು, ಇಲ್ಲದವನಿಗೆ ಬಿಸಿಲು ಬಿಸಿಲೇ. ಪ್ರವಾಸಕ್ಕೆ ಹೋದೋರು ಇಂಥದನ್ನು ನೋಡಬಾರದು ಅಂತ ಎಲ್ಲಾದ್ರೂ ಇದೆಯಾ? ನನ್ನ ಪ್ರಕಾರ ಅಕ್ಕನ ಮಗ ಅವತ್ತು ಸಮಾಜ ವಿಜ್ಞಾನದ ಒಂದು ಪಾಠ ಮುಗಿಸಿದ. "ಕರೆಂಟ್ ಎಲ್ಲಿಗೆ ಹೋಗ್ತದೆ ಮಾವ?" ಅಂತ ಕೇಳಿದ. ನಾನು ಗ್ರಿಡ್ಡು, ಸಬ್‌ಸ್ಟೇಷನ್ನು ಅಂತ ಏನೋ ಹೇಳಿದೆ. ಅವನು ಕೇಳಿದ್ದು ಅದಲ್ಲ ಅಂತ ನನಗೂ ಗೊತ್ತು.

ಇದೇ ಪಾವಗಡ ತಾಲೂಕಿನಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಆಗಿದ್ದು ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಶಿರಾ, ಪಾವಗಡ ಎರಡೂ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಆಗಿನ ಸಂಸದ ಎ. ನಾರಾಯಣಸ್ವಾಮಿ, ದಲಿತರು, ಒಂದು ಗೊಲ್ಲರಹಟ್ಟಿಗೆ ಅಲ್ಲಿನ ಜನರ ಸೌಕರ್ಯದ ವಿಚಾರ ಮಾತಾಡೋಕೇ ಹೋಗಿದ್ದರು. ಹಟ್ಟಿಯೊಳಗೆ ಬರಬೇಡಿ ಅಂತ ತಡೆದು ಹೊರಗೇ ಖುರ್ಚಿ ಕೊಟ್ಟರು. ಅವರು ವಾಪಸ್ ಹೋದರು. ಎರಡು ವರ್ಷಕ್ಕೆ ಅವರೇ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವರಾದರು. ಅವರ ಪಕ್ಷ ನನ್ನದಲ್ಲ, ಅವರ ರಾಜಕೀಯ ನನ್ನದಲ್ಲ. ಆದರೂ ಲಕ್ಷಾಂತರ ವೋಟು ಪಡೆದವರಿಗೆ ತಮ್ಮದೇ ಕ್ಷೇತ್ರದ ಒಂದು ಬೀದಿಗೆ ವೀಸಾ ಸಿಗಲಿಲ್ಲ. ಆ ಹಟ್ಟಿಯ ಜನರೂ ಬಡವರೇ, ಹಿಂದುಳಿದವರೇ. ಅವರನ್ನು ಬೈದು ಕೈ ತೊಳ್ಕೊಳ್ಳೋದು ಸುಲಭ. ಮೇಲಿನವರು ಬೆಂಗಳೂರಲ್ಲಿ ಮನೆ ಬಾಡಿಗೆ ಕೊಡೋವಾಗ ಇದನ್ನೇ ನಯವಾಗಿ ಮಾಡ್ತಾರೆ, "ವೆಜಿಟೇರಿಯನ್ಸ್ ಓನ್ಲಿ" ಅಂತ.

ಶಿರಾ ಸೇರೋ ಹೊತ್ತಿಗೆ ಬಿಸಿಲು ಇಳಿದಿತ್ತು. ಅಲ್ಲಿ ನೋಡೋದು ಬಹಳ ಇದೆ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿ ಆಗಿದ್ದ ಊರು ಅಂತ ಹೆದ್ದಾರಿಯಲ್ಲಿ ಹಾದು ಹೋಗೋ ಎಷ್ಟು ಜನಕ್ಕೆ ಗೊತ್ತು? 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ. ಗೋರಿಯನ್ನಷ್ಟೇ ನೋಡಿದೆವು. ಹೊರಟಿದ್ದು ಕಗ್ಗಲಡುವಿಗೆ, ಕತ್ತಲಾಗೋದ್ರೊಳಗೆ.

ಕಗ್ಗಲಡು ನೋಡಿಲ್ಲದೋರು ದಯವಿಟ್ಟು ನೋಡಿ. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರ್ತವೆ. ನೆತ್ತಿ ಮೇಲೇ ಕೊಕ್ಕು ಕಟಕಟ ಅನ್ನಿಸ್ತಾ ಕೂತಿರ್ತವೆ. ಮನೆ ಮುಂದೆ ಹಿಕ್ಕೆ ಬೀಳುತ್ತೆ, ಮೀನಿನ ವಾಸನೆ, ಗಲಾಟೆ. ಆದ್ರೂ ಜನ ಅವನ್ನು ಓಡಿಸಿಲ್ಲ, ಯಾರಿಗೂ ಹೊಡೆಯೋಕೂ ಬಿಟ್ಟಿಲ್ಲ. ಆ ಊರಿನವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಹೆಂಗಸೊಬ್ಬರು ಅವ್ವನಿಗೆ "ಇವು ನಮ್ಮನೆ ಹೆಣ್ಮಕ್ಕಳಿದ್ದಂಗೆ, ಬಾಣಂತನಕ್ಕೆ ಬತ್ತವೆ" ಅಂದರು. ಅವ್ವ ಬಹಳ ಹೊತ್ತು ತಲೆ ಎತ್ತಿಕೊಂಡು ನೋಡಿದಳು. ಕಾರು ಹತ್ತಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಮೀನ್ ತಿನ್ನೋ ಹಕ್ಕಿಗೆ ಊರೊಳಗೆ ಜಾಗ ಐತಲ್ಲ." ಕಗ್ಗಲಡುವಿನ ಬಗ್ಗೆ ಅವಳು ಹೇಳಿದ್ದಲ್ಲ ಅದು, ಅವಳು ಬಾಳಿದ ಊರುಗಳ ಬಗ್ಗೆ.

ಈಗ ನಮ್ಮ ಹಿರಿಯರ ಪ್ರಶ್ನೆ. ಕುಡಿಯೋ ನೀರಿಲ್ಲದಾಗ ಟೂರು ಯಾಕೆ?

ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ತೆಗೆದು ಓದಿ ಅಣ್ಣ. ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ಎಲ್ಲೆಲ್ಲಿ ತಡೆಯೋ ಹಾಗಿಲ್ಲ ಅಂತ ಅಲ್ಲಿ ಪಟ್ಟಿ ಇದೆ. ಅಂಗಡಿ, ಉಪಾಹಾರ ಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ತಾಣ. ನಾನು ಎಷ್ಟೋ ಸಲ ಇದನ್ನು ಭಾಷಣದಲ್ಲಿ ಹೇಳಿದ್ದೀನಿ, ಈ ಸಲ ಕಾರಲ್ಲಿ ಕೂತು ನೆನೆಸಿಕೊಂಡಾಗ ಅದು ಒಂದು ದಿನದ ಪ್ರವಾಸದ ದಾರಿಯ ಹಾಗೇ ಕಾಣ್ತು. ತಿಂಡಿ ತಿನ್ನೋದು, ರಸ್ತೇಲಿ ಹೋಗೋದು, ಕೆರೆಗೆ ಇಳಿಯೋದು, ನೋಡಿ ಸಂತೋಷ ಪಡೋದು. ಬಾಬಾಸಾಹೇಬರ ಕಾಲದಲ್ಲಿ ಬಾವಿ, ಕೆರೆಯ ಪಕ್ಕದಲ್ಲೇ ಮನರಂಜನೆಯ ಜಾಗವೂ ಸೇರಿದ್ದು ಸುಮ್ಮನೆ ಅಲ್ಲ. ನೀರಿನ ಹಕ್ಕು ಸಿಕ್ಕ ಮೇಲೆ ಸಂತೋಷದ ಹಕ್ಕು ಕೇಳೋಣ ಅಂತ ಅವರು ಸಾಲಲ್ಲಿ ನಿಲ್ಲಿಸಲಿಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರು.

ಮತ್ತೆ, ಫ್ಲೋರೈಡ್ ನೀರಿನ ವಿಷಯಕ್ಕೆ ನಾನು ಬೀದಿಗೆ ಇಳಿಯೋದು ನಿಲ್ಲಿಸಿಲ್ಲ, ನಿಲ್ಲಿಸಲ್ಲ. ಆದರೆ ನಮ್ಮ ಹುಡುಗರಿಗೆ ಈ ಸೀಮೆ ಅಂದ್ರೆ ಬರೀ ಅವಮಾನ ಆದ ಜಾಗಗಳ ಪಟ್ಟಿ ಆಗಬಾರದು. ಆ ಊರಲ್ಲಿ ಹೊಡೆದ್ರು, ಈ ಊರಲ್ಲಿ ಬಹಿಷ್ಕಾರ ಹಾಕಿದ್ರು ಅಂತಷ್ಟೇ ಮ್ಯಾಪು ಕಲಿಸಿದ್ರೆ ಅವರು ಬೆಂಗಳೂರು ಬಸ್ಸು ಹತ್ತಿ ತಿರುಗಿ ನೋಡಲ್ಲ. ಜಯಮಂಗಲಿ ಅವರದೂ, ಮಧುಗಿರಿ ಬಂಡೆ ಅವರದೂ, ಮೈದನಹಳ್ಳಿಯಲ್ಲಿ ಓಡೋ ಕೃಷ್ಣಮೃಗ ಅವರದೂ. ಇದು ನಮ್ಮದು ಅಂತ ಅನ್ನಿಸದ ನೆಲಕ್ಕಾಗಿ ಯಾರು ಎಷ್ಟು ದಿನ ಹೋರಾಡ್ತಾರೆ?

ಆದ್ದರಿಂದ ಒಂದು ಕೆಲಸ ಶುರು ಮಾಡ್ತಾ ಇದ್ದೀವಿ. ಸರ್ಕಾರಿ ಶಾಲೆ ಮಕ್ಕಳಿಗೆ 'ಚಿಣ್ಣರ ಕರ್ನಾಟಕ ದರ್ಶನ' ಅಂತ ಇದೆ, ಒಳ್ಳೇದೇ, ಬಸ್ಸು ದೂರದ ಊರುಗಳಿಗೆ ಹೋಗುತ್ತೆ. ನಾವು ಕೇಳೋದು ಇನ್ನೊಂದು. ಈ ನಾಲ್ಕು ತಾಲೂಕುಗಳ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಮಕ್ಕಳಿಗೆ ವರ್ಷಕ್ಕೆ ಒಂದು ದಿನ, ಇದೇ ನಾಲ್ಕು ತಾಲೂಕು. ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಮನವಿ ಬರೆದಾಗಿದೆ, ಸೋಮವಾರ ಕೊಡ್ತೀವಿ. ಇಲಾಖೆ ಒಪ್ಪೋವರೆಗೆ ಕಾಯೋದು ಬೇಡ ಅಂತ ಏಪ್ರಿಲ್ 14ರ ನಂತರದ ಭಾನುವಾರ ಒಂದು ಬಸ್ಸು ನಾವೇ ಮಾಡ್ತೀವಿ. ಮೊದಲ ಸಲ ಹೆಣ್ಣುಮಕ್ಕಳ ಹಾಸ್ಟೆಲ್‌ನವರಿಗೆ, ವಾರ್ಡನ್ ಮತ್ತು ತಂದೆತಾಯಿ ಒಪ್ಪಿಗೆ ಇದ್ದವರಿಗೆ ಮಾತ್ರ.

ಬಿಸಿಲು ಏರೋ ಮುಂಚೆ ಮಧುಗಿರಿ ಹತ್ತಬೇಕು, ಹಾಗಾಗಿ ಬಸ್ಸು ಐದೂವರೆಗೆ ಹೊರಡುತ್ತೆ. ಮೆಟ್ಟಿಲು ಹತ್ತಿಸೋಕೆ ಜೊತೆಗೆ ಬರೋ ಟೀಚರುಗಳು ನಾಲ್ಕು ಜನ ಬೇಕು. ತೀತಾದಲ್ಲಿ ತೆಪ್ಪದವರ ಹತ್ರ ಮಾತಾಡಿ ಬಂದಿದ್ದೀನಿ. ಲೈಫ್ ಜಾಕೆಟ್ ಸಿಗದೆ ಒಂದು ಮಗುವನ್ನೂ ನೀರಿಗೆ ಇಳಿಸಲ್ಲ, ಯಾರ ಹತ್ತಿರ ಇದ್ರೆ ಒಂದು ದಿನದ ಮಟ್ಟಿಗೆ ಕೊಡಿ. ಊಟಕ್ಕೆ ಮುದ್ದೆ ಸಾರು, ಅವ್ವ ಮತ್ತು ಕೇರಿಯ ಹೆಂಗಸರು ಮಾಡಿ ಕಳಿಸ್ತಾರೆ. ಕೋಳಿ ಸಾರೇ ಇರಬೇಕು ಅಂತ ಅವ್ವನ ಆರ್ಡರ್. ಬೇಡದೋರಿಗೆ ಸೊಪ್ಪಿನ ಸಾರೂ ಇರುತ್ತೆ.